ಮಾತೃಕೆ ಮತ್ತು ಪ್ರತಿ

ಮುಪ್ಪಿನಲ್ಲಿ ಹೊಸ ವಿದ್ಯೆ ಕಲಿಯಬಾರದೆಂದು ಯಾವ ಶಾಸ್ತ್ರವೂ ಹೇಳಿಲ್ಲ. ಆದರೆ ಹಾಗೆ ಕಲಿತ ವಿದ್ಯೆಯನ್ನು ಮೊಟ್ಟಮೊದಲು ಅಪ್ಪನ ಪುಸ್ತಕದ ಮೇಲೆ ಪ್ರಯೋಗಿಸಬಾರದೆಂದು ಯಾವುದಾದರೊಂದು ಶಾಸ್ತ್ರ ಹೇಳಿದ್ದರೆ ನನಗೆ ದೊಡ್ಡ ಉಪಕಾರವಾಗುತ್ತಿತ್ತು. ಹೇಳಿರಲಿಲ್ಲ, ನಾನು ಪ್ರಯೋಗಿಸಿದೆ. ಅದರ ಫಲವಾಗಿ, ಇಷ್ಟು ವರ್ಷಗಳಲ್ಲಿ ನನ್ನೆದುರು ಒಮ್ಮೆಯೂ ದನಿ ಎತ್ತದಿದ್ದ ತಮ್ಮನಿಂದ ಒಂದು ಪ್ರಶ್ನೆ ಕೇಳಿಸಿಕೊಂಡೆ. ಆ ಪ್ರಶ್ನೆಗೆ ನಾನು ಉತ್ತರ ಕೊಡಲಿಲ್ಲ. ಅದು ಹುಟ್ಟಿದ್ದು ಗಣಕಯಂತ್ರದ ಭಾಷೆಯಲ್ಲಿ ನಾನು ಬರೆದ ಒಂದೇ ಒಂದು ಸಾಲಿನಿಂದ. ಆ ಸಾಲಿನ ಕಥೆ ಇದು.

ನಮ್ಮದು ಮಲೆನಾಡಿನ ಮೂಲೆಯಲ್ಲಿ ಒಂದು ಸಣ್ಣ ಕಾಫಿ ತೋಟ. ಮನೆಯ ಅಂಗಳ ದಾಟಿದರೆ, ಮರದ ನೆರಳು ಬೀಳದ ಜಾಗದಲ್ಲಿ, ಅಪ್ಪಯ್ಯ ಒಂದು ಮಳೆಮಾಪಕ ನಿಲ್ಲಿಸಿದ್ದರು. 1961ರಿಂದ 1982ರವರೆಗೆ ಇಪ್ಪತ್ತೆರಡು ವರ್ಷ, ಬೆಳಿಗ್ಗೆ ಎಂಟೂವರೆಗೆ, ಕಂಬಳಿಕೊಪ್ಪೆ ಹೊದ್ದು ಅಲ್ಲಿಗೆ ಹೋಗುವರು. ಒಳಗೆ ನಿಂತ ನೀರನ್ನು ಗಾಜಿನ ಅಳತೆಪಾತ್ರೆಗೆ ಸುರಿಯುವರು. ಕಣ್ಣಿನ ಮಟ್ಟಕ್ಕೆ ಹಿಡಿದು ನೋಡುವರು. ಒಳಕ್ಕೆ ಬಂದು ಕೈ ಒರೆಸಿಕೊಂಡು ಪುಸ್ತಕದಲ್ಲಿ ಬರೆಯುವರು. ತೋಟದವರ ಲೆಕ್ಕ ಇಂಚು ಮತ್ತು ಸೆಂಟು. ನೂರು ಸೆಂಟಿಗೆ ಒಂದು ಇಂಚು. ಇಂದಿನ ಲೆಕ್ಕದಲ್ಲಿ 25.4 ಮಿಲಿಮೀಟರು. ಮಾರ್ಚಿ ಏಪ್ರಿಲ್‌ನಲ್ಲಿ ಬೀಳುವ ಹೂಮಳೆ ಎಷ್ಟು ಸೆಂಟು ಎಂಬುದರ ಮೇಲೆ ಆ ವರ್ಷ ಗಿಡ ಹೂವಾಗುವುದು ನಿಂತಿರುತ್ತದೆಯಾದ್ದರಿಂದ ಅದು ಬರಿಯ ಹವ್ಯಾಸವೂ ಅಲ್ಲ.

ಪುಸ್ತಕದಲ್ಲಿ ವರ್ಷಕ್ಕೊಂದು ಪುಟ. ಮೇಲಿನಿಂದ ಕೆಳಕ್ಕೆ 31 ತಾರೀಖು; ಅಡ್ಡಕ್ಕೆ 12 ತಿಂಗಳು. ಕಾಲೇಜಿನಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ಗಣಿತ ಹೇಳಿಕೊಟ್ಟ ನನ್ನ ಕಣ್ಣಿಗೆ ಅದು ಪುಟವಲ್ಲ, ಮಾತೃಕೆ: ಅಡ್ಡಸಾಲು 31, ಕಂಬಸಾಲು 12, ಒಟ್ಟು 372 ಮನೆ. ಇಪ್ಪತ್ತೆರಡು ಪುಟ ಸೇರಿದರೆ 8,184 ಮನೆ. ಪ್ರತಿ ಪುಟದಲ್ಲೂ ಆರೋ ಏಳೋ ಮನೆಗಳು ಪಂಚಾಂಗದಲ್ಲೇ ಇಲ್ಲದ ದಿನಗಳವು, ಫೆಬ್ರವರಿ 30ರಂಥವು. ಅವನ್ನು ಅಪ್ಪಯ್ಯ ಗೀಟು ಎಳೆದು ಮುಚ್ಚಿದ್ದರು. ಮಳೆ ಬಾರದ ದಿನಕ್ಕೆ ಸೊನ್ನೆ. ಇವೆರಡೂ ಅಲ್ಲದೆ, ಏನನ್ನೂ ಬರೆಯದೆ ಬಿಟ್ಟ ಮನೆಗಳು 41 ಇದ್ದವು. ಕೋರ್ಟಿಗೆ ಹೋದ ದಿನ, ನೆಂಟರ ಮದುವೆಗೆ ಹೋದ ದಿನ, ಹೀಗೆ ಅಳೆಯಲಾಗದೆ ಹೋದ ದಿನಗಳು. ಆಳುಗಳು ಸುಮಾರಾಗಿ ಇಷ್ಟಿರಬಹುದು ಎಂದರೆ ಅವರು ಒಪ್ಪುತ್ತಿರಲಿಲ್ಲ. "ಅಳೆದರೆ ಬರಿ, ಅಳೆಯದಿದ್ದರೆ ಬರೀಬೇಡ" ಎಂಬುದು ಅವರ ಶಾಸ್ತ್ರ.

ಅವರು ಹೋದಮೇಲೆ ನಾವು ಅಣ್ಣ ತಮ್ಮಂದಿರು ಪಾಲಾದೆವು. ತೋಟ ಪಾಲಾಯಿತು, ಪಾತ್ರೆ ಪಾಲಾಯಿತು. ಎರಡು ವಸ್ತು ಮಾತ್ರ ಪಾಲಾಗಲಿಲ್ಲ. ಒಂದು, ಬಾವಿ; ಅದು ಇಬ್ಬರಿಗೂ ಸೇರಿದ್ದೆಂದು ಪಾಲುಪತ್ರದಲ್ಲೇ ಬರೆಯಿತು. ಇನ್ನೊಂದು, ಈ ಪುಸ್ತಕ. ಅದರ ವಿಷಯ ಪತ್ರದಲ್ಲಿ ಬರೆಯಬೇಕೆಂದು ಯಾರಿಗೂ ಹೊಳೆಯಲಿಲ್ಲ. ಅದು ಊರಿನ ಮನೆಯ ಕಪಾಟಿನಲ್ಲಿ, ಎಂದರೆ ತಮ್ಮನ ಬಳಿ, ಉಳಿಯಿತು. ನಿವೃತ್ತನಾಗಿ ಬೆಂಗಳೂರಿನಲ್ಲಿ ಕುಳಿತ ನನಗೆ, ಅದನ್ನು ಗೆದ್ದಲಿನ ಬಾಯಿಂದ ತಪ್ಪಿಸಿ ಯಂತ್ರದೊಳಕ್ಕೆ ಇಳಿಸಬೇಕೆಂಬ ಆಸೆ ಹುಟ್ಟಿತು. ತಮ್ಮ ಮರುಮಾತಿಲ್ಲದೆ ಕೊಟ್ಟ. ಎರಡು ತಿಂಗಳು ಕುಳಿತು ಒಂದೊಂದೇ ಅಂಕಿ ಒತ್ತಿ ಮುಗಿಸಿ ಪುಸ್ತಕವನ್ನು ಹಿಂದಕ್ಕೆ ತಲುಪಿಸಿದೆ.

ಯಂತ್ರದ ಭಾಷೆ ಕಲಿಸಿದವಳು ತಮ್ಮನ ಮಗಳು. ಬೆಂಗಳೂರಿನ ಒಂದು ಕಚೇರಿಯಲ್ಲಿ ದಿನವಿಡೀ ಅದನ್ನೇ ಬರೆಯುವವಳು. ಭಾಷೆಯ ಹೆಸರು ಪೈಥಾನ್. ಹೆಬ್ಬಾವೆಂದು ಹೆದರಬೇಕಾಗಿಲ್ಲ, ಅದನ್ನು ಕಟ್ಟಿ 1991ರಲ್ಲಿ ಹೊರತಂದ ಗೀಡೋ ವಾನ್ ರಾಸಮ್ ಅವರು ಹೆಸರು ತೆಗೆದುಕೊಂಡದ್ದು ಹಾವಿನಿಂದಲ್ಲ, ಮಾಂಟಿ ಪೈಥಾನ್ ಎಂಬ ಹಾಸ್ಯಗಾರರ ತಂಡದಿಂದ. ಮಾತೃಕೆಗಳ ಕೆಲಸಕ್ಕೆ ಅದರ ಜೊತೆಗೆ ನಮ್‌ಪೈ ಎಂಬ ಸಲಕರಣೆಯ ಗಂಟನ್ನು ಬಿಚ್ಚಿಕೊಳ್ಳಬೇಕು. ಟ್ರಾವಿಸ್ ಓಲಿಫಂಟ್ ಎಂಬವರು ಹಿಂದಿನ ಎರಡು ಗಂಟುಗಳನ್ನು ಕೂಡಿಸಿ ಕಟ್ಟಿದ ಇದರ ಮೊದಲ ಪೂರ್ಣ ಆವೃತ್ತಿ 2006ರಲ್ಲಿ ಬಂದಿತು. ನನಗೆ ಬಹಳ ಹಿಡಿಸಿದ್ದು ಇನ್ನೊಂದು ಸಂಗತಿ: 2008ರಲ್ಲಿ ಬಂದ ಮೂರನೆಯ ಪೈಥಾನಿನಿಂದ ಈಚೆಗೆ, ನಾವು ಇಡುವ ಹೆಸರುಗಳು ಕನ್ನಡದಲ್ಲೇ ಇರಬಹುದು. ಅಪ್ಪಯ್ಯನ ಇಪ್ಪತ್ತೆರಡು ಪುಟಕ್ಕೆ ನಾನು 'ಮಳೆ' ಎಂದು ಹೆಸರಿಟ್ಟೆ. ಇಲ್ಲದ ದಿನಗಳ ಮನೆಗೆ ಸೊನ್ನೆ ತುಂಬಿದೆ. ಫೆಬ್ರವರಿ 30ರಂದು ಮಳೆ ಬರಲಿಲ್ಲವೆಂದರೆ ಯಾರೂ ತಕರಾರು ಮಾಡುವ ಹಾಗಿಲ್ಲ. ಅಳೆಯದ 41 ಮನೆಗಳಿಗೆ 'ನ್ಯಾನ್' ಎಂದು ಒತ್ತಿದೆ. 'ಸಂಖ್ಯೆಯಲ್ಲ' ಎಂಬುದರ ಗುರುತು ಅದು. 1985ರಲ್ಲಿ ಗೊತ್ತುಮಾಡಿದ ಅಂತರರಾಷ್ಟ್ರೀಯ ಕಟ್ಟಳೆಯೊಂದರ ಪ್ರಕಾರ ಈ ನ್ಯಾನ್ ಯಾವುದಕ್ಕೂ ಸಮವಲ್ಲ. ತನಗೆ ತಾನೂ ಸಮವಲ್ಲ.

ಇನ್ನು ಅಪರಾಧಕ್ಕೆ ಬರುತ್ತೇನೆ. ವರ್ಷ ವರ್ಷದ ಮೊತ್ತ ತೆಗೆಯಬೇಕಾಗಿತ್ತು. ಖಾಲಿ ಮನೆ ಇದ್ದರೆ ಮೊತ್ತ ಬಾರದು. ಆಯಾ ತಿಂಗಳ ಉಳಿದ ದಿನಗಳ ಸರಾಸರಿಯನ್ನು ಖಾಲಿ ಮನೆಗೆ ತುಂಬಿದರೆ ಕೆಲಸ ನಡೆಯುತ್ತದೆ. ಅಂಕಿಸಂಖ್ಯೆಯವರು ಮಾಡುವುದೇ ಹಾಗೆ. ಆದರೆ ಅಪ್ಪಯ್ಯನ ಲೆಕ್ಕ ತಿದ್ದುವುದೆಂದರೇನು! ಆದ್ದರಿಂದ ಮೂಲವನ್ನು ಮುಟ್ಟದೆ ಅದರದೊಂದು ಪ್ರತಿ ತೆಗೆದು ಅದರಲ್ಲಿ ತುಂಬಿದರಾಯಿತು ಎಂದುಕೊಂಡು, ಬಹಳ ಭಯಭಕ್ತಿಯಿಂದ, ಹೀಗೊಂದು ಸಾಲು ಬರೆದೆ:

ಪ್ರತಿ = ಮಳೆ

ಇಷ್ಟೇ. ಅನಂತರ 'ಪ್ರತಿ'ಯೊಳಗಿನ ಖಾಲಿ ಮನೆಗಳನ್ನೆಲ್ಲ ಸರಾಸರಿಯಿಂದ ತುಂಬಿದೆ. ಮುನ್ನೆಚ್ಚರಿಕೆಗೆಂದು ಎರಡನ್ನೂ ಕಡತಕ್ಕೆ ಇಳಿಸಿದೆ: 'ಮಳೆ'ಯನ್ನು ಅದರ ಹಳೆಯ ಕಡತದ ಮೇಲೆ, 'ಪ್ರತಿ'ಯನ್ನು ಹೊಸ ಕಡತಕ್ಕೆ. ಆಮೇಲೆ 'ಮಳೆ'ಯ ಇಪ್ಪತ್ತೆರಡು ಪುಟವನ್ನೂ ಅಚ್ಚು ಹಾಕಿಸಿ, ಅಪ್ಪಯ್ಯನ ಹೆಸರು ಬರೆಸಿ, ಬೈಂಡು ಮಾಡಿಸಿ ತಮ್ಮನಿಗೆ ಕಳಿಸಿದೆ. ಕಳಿಸುವ ಮೊದಲು ಪುಟ ತಿರುವಿ ನೋಡಲಿಲ್ಲವೆ ಎಂದು ಕೇಳಬೇಡಿ. ರಟ್ಟಿನ ಬಣ್ಣ ನೋಡಿದೆ. ಅಪ್ಪಯ್ಯನ ಹೆಸರಿನಲ್ಲಿ ಕಾಗುಣಿತ ಸರಿಯಾಗಿದೆಯೆ ಎಂದು ನೋಡಿದೆ.

ನಾಲ್ಕನೆಯ ದಿನ ರಾತ್ರಿ ತಮ್ಮ ಫೋನು ಮಾಡಿದ.

"ಅಣ್ಣಯ್ಯ, ಪುಸ್ತಕ ಬಂತು."

"ಹೇಗಿದೆ?"

"ಚೆನ್ನಾಗಿದೆ." ಸ್ವಲ್ಪ ಹೊತ್ತು ಸುಮ್ಮನಿದ್ದ. "ನಿನ್ನ ಹತ್ತಿರಾನೂ ಒಂದು ಇದೆಯಲ್ಲ? ಎಪ್ಪತ್ನಾಲ್ಕನೇ ಇಸವಿ ತೆಗಿ. ಜುಲೈ. ಒಂಬತ್ತನೇ ತಾರೀಖಿಂದ ಹದಿನೇಳರ ತನಕ ಓದು."

ಓದಿದೆ. ಒಂದು ಇಂಚು ಇಪ್ಪತ್ತಾರು ಸೆಂಟು. ಒಂದು ಇಂಚು ಇಪ್ಪತ್ತಾರು ಸೆಂಟು. ಒಂದು ಇಂಚು ಇಪ್ಪತ್ತಾರು ಸೆಂಟು. ಮೂರನೆಯದರಲ್ಲಿ ನನ್ನ ದನಿ ನಿಂತಿತು.

"ಒಂಬತ್ತು ದಿನವೂ ಒಂದೇ ಅಳತೆ ಮಳೆ ಹೊಯ್ಯುತ್ತದಾ, ಅಣ್ಣಯ್ಯ?"

ನಾನು ಸರಾಸರಿ, ಮೊತ್ತ ಎಂದೇನೋ ತೊದಲಿದೆ. ಅವನು ಪೂರ್ತಿ ಕೇಳಿದ. ಆಮೇಲೆ, ದನಿ ಎತ್ತದೆಯೇ ಎನ್ನುವ ಹಾಗಿಲ್ಲ, ಸ್ವಲ್ಪ ಎತ್ತಿಯೇ ಕೇಳಿದ: "ಆ ಒಂಬತ್ತು ದಿನ ಅಪ್ಪಯ್ಯ ಮಾಪಕದ ಹತ್ತಿರ ಹೋಗಲಿಲ್ಲ. ನೀನು ಹೋಗಿದ್ದೆಯಾ?"

ನಾನು ಹೋಗಿರಲಿಲ್ಲ. ನಾನು ಊರಿನಲ್ಲೇ ಇರಲಿಲ್ಲ. ನಮಗೊಬ್ಬಳು ತಂಗಿ ಇದ್ದಳು, ಆರು ವರ್ಷದವಳು. ಆ ವರ್ಷ ಪುನರ್ವಸು ಮಳೆ ಹಿಡಿದ ಮೇಲೆ ಜ್ವರ ಬಂದು ಮಲಗಿದಳು. ಹಳ್ಳ ಉಕ್ಕಿ ದಾರಿ ಕಡಿದಿತ್ತು. ಪೇಟೆಯಿಂದ ಡಾಕ್ಟರು ಬರುವ ಹಾಗಿರಲಿಲ್ಲ, ಅವಳನ್ನು ಹೊತ್ತುಕೊಂಡು ಹೋಗುವ ಹಾಗಿರಲಿಲ್ಲ. ನಾನು ಮೈಸೂರಿನ ಹಾಸ್ಟೆಲಿನಲ್ಲಿದ್ದೆ. ಕಾಗದ ಕೈಸೇರಿ ನಾನು ಊರು ಮುಟ್ಟುವ ವೇಳೆಗೆ ಎಲ್ಲ ಮುಗಿದಿತ್ತು. ತಮ್ಮನಿಗೆ ಆಗ ಹತ್ತು ವರ್ಷ. ಅವನು ಎಲ್ಲವನ್ನೂ ನೋಡಿದ್ದ. ಪುಸ್ತಕದಿಂದ ಅಂಕಿ ಒತ್ತುವಾಗ ಆ ಒಂಬತ್ತು ಖಾಲಿ ಮನೆಗಳು ನನ್ನ ಕಣ್ಣಿಗೂ ಬಿದ್ದಿದ್ದವು. ಒಂಬತ್ತು ಸಲ ನ್ಯಾನ್ ಒತ್ತಿ ಮುಂದಕ್ಕೆ ಹೋಗಿದ್ದೆ. ತಾರೀಖನ್ನು ನೋಡಿರಲಿಲ್ಲ. ಈ ತಪ್ಪಿಗೆ ಯಾವ ಭಾಷೆಯೂ ಹೊಣೆಯಲ್ಲ.

ಮರುದಿನ ಭಾನುವಾರ, ತಮ್ಮನ ಮಗಳು ಬಂದಳು. ಮೂಲದ ಕಡತದಲ್ಲಿ ಖಾಲಿ ಮನೆ ಇರಬೇಕಲ್ಲ ಎಂದು ನಾನು ರಾತ್ರಿಯೆಲ್ಲ ಹುಡುಕಿದ್ದೆ, ಒಂದೂ ಇರಲಿಲ್ಲ. ಕಡತಗಳು ಎರಡು, ಒಳಗಿನ ತಪ್ಪು ಒಂದೇ. ಅವಳು ನನ್ನ ಸಾಲುಗಳನ್ನು ಒಂದು ಸಲ ಮೇಲಿಂದ ಕೆಳಕ್ಕೆ ನೋಡಿ, ಬೆರಳಿಟ್ಟು ತೋರಿಸಿದಳು.

"ದೊಡ್ಡಪ್ಪ, ನೀವು ಪ್ರತಿ ತೆಗೆದೇ ಇಲ್ಲ."

"ಇದೇನು ಮತ್ತೆ? ಹೆಸರೇ 'ಪ್ರತಿ' ಎಂದಿದೆ."

"ಹೆಸರು ಇಟ್ಟಿದ್ದೀರಿ. ಅಷ್ಟೇ ಮಾಡಿರುವುದು."

ಅವಳು ಹೇಳಿದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ಈ ಭಾಷೆಯಲ್ಲಿ ಹೆಸರೆಂದರೆ ವಸ್ತುವನ್ನು ತುಂಬಿಡುವ ಡಬ್ಬಿಯಲ್ಲ. ಡಬ್ಬಿಯ ಮೇಲೆ ಅಂಟಿಸುವ ಚೀಟಿ. ನನ್ನ ಮಾತೃಕೆ ಯಂತ್ರದ ನೆನಪಿನಲ್ಲಿ ಎಲ್ಲೋ ಒಂದು ಕಡೆ ಕುಳಿತಿದೆ. 'ಮಳೆ' ಎಂಬ ಚೀಟಿ ಅದಕ್ಕೆ ಅಂಟಿತ್ತು. ನಾನು ಆ ಸಾಲು ಬರೆದಾಗ 'ಪ್ರತಿ' ಎಂಬ ಇನ್ನೊಂದು ಚೀಟಿಯೂ ಅದೇ ಡಬ್ಬಿಗೆ ಅಂಟಿತು. ಡಬ್ಬಿ ಒಂದೇ, ಚೀಟಿ ಎರಡು. ಯಾವ ಚೀಟಿ ಓದಿ ಮುಚ್ಚಳ ತೆಗೆದರೂ ಕೈ ಹೋಗುವುದು ಅದೇ ಧಾನ್ಯಕ್ಕೆ. ಇವೆರಡೂ ಒಂದೇ ವಸ್ತುವೆ ಎಂದು ಯಂತ್ರವನ್ನೇ ಕೇಳಲು ಒಂದು ಸಣ್ಣ ಪದ ಉಂಟು; ಅವಳು ಕೇಳಿದಳು; ಹೌದು ಎಂದು ಯಂತ್ರ ಸಾಕ್ಷಿ ಹೇಳಿತು. ನಿಜವಾದ ಪ್ರತಿ ಬೇಕಾಗಿದ್ದರೆ 'ಮಳೆ'ಯ ಮುಂದೆ ಒಂದು ಚುಕ್ಕೆಯಿಟ್ಟು 'ಕಾಪಿ' ಎಂದು ಬರೆದು ಎರಡು ಆವರಣ ಹಾಕಬೇಕಾಗಿತ್ತು. ನನ್ನ ಅಪ್ಪಣೆಯಲ್ಲಿ ಬಿಟ್ಟುಹೋದದ್ದು ಅಷ್ಟೇ.

"ಹೋದ ವಾರ ಇಂಚನ್ನು ಮಿಲಿಮೀಟರಿಗೆ ತಿರುಗಿಸಿದಾಗ ಮೂಲ ಹಾಗೇ ಇತ್ತಲ್ಲ?" ಎಂದೆ. ನನ್ನ ಧೈರ್ಯಕ್ಕೆ ಕಾರಣವೇ ಅದು. ಆಗಲೂ ಸಮಚಿಹ್ನೆಯನ್ನೇ ಹಾಕಿದ್ದೆ, ಏನೂ ಕೆಟ್ಟಿರಲಿಲ್ಲ.

ಅದು ಅದೃಷ್ಟವಂತೆ. 'ಮಳೆ'ಯನ್ನು 25.4ರಿಂದ ಗುಣಿಸಿ ಎಂದಾಗ ಗುಣಲಬ್ಧವನ್ನು ಇಡಲು ಯಂತ್ರ ಹೊಸದೊಂದು ಮಾತೃಕೆಯನ್ನು ಮಾಡಿಕೊಳ್ಳುತ್ತದೆ. ನಾನು ಕೊಟ್ಟ ಹೆಸರು ಆ ಹೊಸದಕ್ಕೆ ಅಂಟುತ್ತದೆ. ಅದೇ ಗುಣಾಕಾರದ ಚಿಹ್ನೆಗೆ ಸಮಚಿಹ್ನೆಯನ್ನು ತಗುಲಿಸಿ ಬರೆದಿದ್ದರೆ, ಇದ್ದಲ್ಲಿಯೇ ಗುಣಿಸು ಎಂದು ಅರ್ಥ. ಆಗ ಹಳೆಯದೇ ಬದಲಾಗುತ್ತಿತ್ತು. ಲೆಕ್ಕ ಮಾಡಿದಾಗ ಹುಟ್ಟಿದ ಪ್ರತಿಯನ್ನು ನಾನು ಸಮಚಿಹ್ನೆಯ ಪುಣ್ಯವೆಂದು ತಿಳಿದಿದ್ದೆ.

ಅವಳು ಊಟ ಮಾಡಿ ಹೋದಮೇಲೆ ಬಹಳ ಹೊತ್ತು ಯೋಚಿಸಿದೆ. ಜೀವಮಾನವೆಲ್ಲ ಕರಿಹಲಗೆಯ ಮೇಲೆ 'ಬಿ ಸಮ ಎ ಆಗಿರಲಿ' ಎಂದು ಬರೆದವನು ನಾನು. ಅದು ಪ್ರತಿಯೋ ಹಂಚಿಕೆಯೋ ಎಂದು ಒಬ್ಬ ವಿದ್ಯಾರ್ಥಿಯೂ ಕೇಳಲಿಲ್ಲ; ಕೇಳಿದ್ದರೆ ಪ್ರಶ್ನೆಯೇ ನನಗೆ ಅರ್ಥವಾಗುತ್ತಿರಲಿಲ್ಲ. ಯಾಕೆಂದರೆ ಗಣಿತದಲ್ಲಿ ಯಾವುದೂ ಬದಲಾಗುವುದಿಲ್ಲ. ಏಳು ಎಂಬುದು ನಾಳೆ ಎಂಟಾಗುವುದಿಲ್ಲ. ಬದಲಾವಣೆಯಿಲ್ಲದ ಲೋಕದಲ್ಲಿ ಮೂಲಕ್ಕೂ ಪ್ರತಿಗೂ ಏನೂ ಅಂತರವಿಲ್ಲ. ಎರಡಿದ್ದರೂ ಒಂದೇ, ಒಂದಿದ್ದರೂ ಎರಡೇ. ಯಾವಾಗ ಮನೆಯೊಳಗಿನ ಅಂಕಿಯನ್ನು ಅಳಿಸಿ ಬೇರೆ ಬರೆಯಬಹುದು ಎಂದಾಯಿತೋ, ಎಂದರೆ ಯಾವಾಗ ಕಾಲ ಒಳಕ್ಕೆ ಬಂದಿತೋ, ಆಗ 'ಸಮ'ವೇ ಬೇರೆ, 'ಅದೇ' ಎಂಬುದೇ ಬೇರೆ. ಯಂತ್ರದಲ್ಲಿ ಈ ಎರಡಕ್ಕೂ ಎರಡು ಬೇರೆ ಪ್ರಶ್ನೆಗಳಿವೆ. ನನ್ನ ಗಣಿತದಲ್ಲಿ ಒಂದೇ ಇತ್ತು.

ಇದನ್ನು ಮೊದಲು ಕಂಡವನೇನೂ ನಾನಲ್ಲ. ಇಂಗ್ಲೆಂಡಿನ ಕ್ರಿಸ್ಟಫರ್ ಸ್ಟ್ರೇಚಿ ಅವರು 1967ರಲ್ಲಿ ಕೋಪನ್‌ಹೇಗನ್ ನಗರದಲ್ಲಿ ಕೊಟ್ಟ ಉಪನ್ಯಾಸಗಳಲ್ಲಿ ಇದನ್ನು ಬಿಡಿಸಿ ಹೇಳಿದ್ದಾರೆ. ಸಮಚಿಹ್ನೆಯ ಎಡಗಡೆ ಬಂದ ಹೆಸರು ಒಂದು ಸ್ಥಳವನ್ನು ಹೇಳುತ್ತದೆ, ಬಲಗಡೆ ಬಂದದ್ದು ಅಲ್ಲಿರುವ ಬೆಲೆಯನ್ನು ಹೇಳುತ್ತದೆ; ಎರಡು ಹೆಸರುಗಳು ಒಂದೇ ಸ್ಥಳವನ್ನು ಹಂಚಿಕೊಂಡಿರಬಹುದು ಎಂದು. ಅದಕ್ಕೂ ಹಿಂದೆ, ಐಬಿಎಂ ಸಂಸ್ಥೆಯಲ್ಲಿ ಜಾನ್ ಬ್ಯಾಕಸ್ ಮತ್ತು ಅವರ ಸಂಗಡಿಗರು 1957ರಲ್ಲಿ ಹೊರತಂದ ಫಾರ್ಟ್ರಾನ್ ಭಾಷೆಗೆ ಮರುವರ್ಷ ಉಪಕ್ರಮಗಳು ಸೇರಿದಾಗ, ಉಪಕ್ರಮಕ್ಕೆ ಬೆಲೆಯನ್ನು ಕೊಡುವ ಬದಲು ಅದಿರುವ ವಿಳಾಸವನ್ನೇ ಕೊಡುವ ಪದ್ಧತಿ ಬಂತು. ಹಳೆಯ ಕೆಲವು ಯಂತ್ರಗಳಲ್ಲಿ ಇದರಿಂದ ಒಂದು ಸೋಜಿಗ ನಡೆಯುತ್ತಿತ್ತು: ಎರಡು ಎಂಬ ಅಂಕಿಯನ್ನು ಕೊಟ್ಟು ಉಪಕ್ರಮವನ್ನು ಕರೆದರೆ, ಅದು ತನಗೆ ಸಿಕ್ಕಿದ ವಿಳಾಸದಲ್ಲಿ ಮೂರು ಎಂದು ಬರೆದಿಡುವುದು, ಅಲ್ಲಿಂದ ಮುಂದೆ ಆ ಕ್ರಮವಿಧಿಯಲ್ಲಿ ಎರಡು ಎಂದು ಬರೆದಲ್ಲೆಲ್ಲ ಯಂತ್ರ ಮೂರು ಎಂದು ಓದುವುದು! ಏಳು ಎಂಟಾಗುವುದಿಲ್ಲವೆಂದ ನನ್ನ ಧೈರ್ಯ ಇಲ್ಲಿ ನಡೆಯದು.

ಹಾಗಾದರೆ ಎಲ್ಲ ಕಡೆಯೂ ಪ್ರತಿಯನ್ನೇ ಮಾಡಿಬಿಟ್ಟರೇನು ಎಂದು ನೀವು ಕೇಳಬಹುದು. ನಾನೂ ಕೇಳಿದೆ. ಒಂದೊಂದು ಮನೆಗೆ ಎಂಟು ಬೈಟಿನಂತೆ ಅಪ್ಪಯ್ಯನ ಇಪ್ಪತ್ತೆರಡು ವರ್ಷಕ್ಕೆ ಬೇಕಾದ ಜಾಗ 65,472 ಬೈಟು. ಇಂದಿನ ಯಂತ್ರಕ್ಕೆ ಅದು ಲೆಕ್ಕಕ್ಕೇ ಇಲ್ಲ, ನೂರು ಪ್ರತಿ ಮಾಡಬಹುದು. ಆದರೆ ಇಪ್ಪತ್ತು ಸಾವಿರಕ್ಕೆ ಇಪ್ಪತ್ತು ಸಾವಿರದ ಒಂದು ಮಾತೃಕೆ ಎನ್ನಿ. ಅದಕ್ಕೆ 320 ಕೋಟಿ ಬೈಟು ಬೇಕು. ಹೆಸರು ಹೇಳಿದಾಗಲೆಲ್ಲ ಪ್ರತಿ ತೆಗೆಯುತ್ತ ಹೋದರೆ ಯಂತ್ರ ಲೆಕ್ಕ ಮಾಡುವುದು ಯಾವಾಗ? ಕ್ಲೀವ್ ಮೋಲರ್ ಎಂಬ ಗಣಿತದ ಮೇಷ್ಟ್ರು 1970ರ ದಶಕದ ಕೊನೆಗೆ ತಮ್ಮ ವಿದ್ಯಾರ್ಥಿಗಳಿಗೆಂದು ಮಾಡಿದ ಮ್ಯಾಟ್‌ಲ್ಯಾಬ್ ಇಂದು ಅನುಸರಿಸುವ ದಾರಿ ಜಾಣತನದ್ದು. ಅಲ್ಲಿ ಸಮಚಿಹ್ನೆ ಹಾಕಿದರೆ ಪ್ರತಿ ಎಂದೇ ಅರ್ಥ; ಆದರೆ ಒಳಗೊಳಗೆ ಯಂತ್ರ ಪ್ರತಿ ತೆಗೆಯದೆ ಕಾಯುತ್ತದೆ; ಇಬ್ಬರಲ್ಲಿ ಒಬ್ಬರು ತಿದ್ದಲು ಕೈ ಹಾಕಿದ ಗಳಿಗೆಯಲ್ಲಿ ಮಾತ್ರ ಬೇರೆ ಮಾಡುತ್ತದೆ. ನಾನು ಆ ಸಾಲನ್ನು ಅಲ್ಲಿ ಬರೆದಿದ್ದರೆ ತಮ್ಮನ ಫೋನು ಬರುತ್ತಿರಲಿಲ್ಲ. 2012ರಲ್ಲಿ ಬಂದ ಜೂಲಿಯಾ ಭಾಷೆಯದು ಇನ್ನೊಂದು ರೀತಿ: ಪೂರ್ತಿ ಮಾತೃಕೆಗೆ ಎರಡನೆಯ ಹೆಸರಿಟ್ಟರೆ ಹಂಚಿಕೆ, ಅದರಿಂದ ಒಂದು ತುಂಡು ಕತ್ತರಿಸಿಕೊಂಡರೆ ಪ್ರತಿ. ನಮ್‌ಪೈಯಲ್ಲಿ ತುಂಡು ಕೂಡ ಹಂಚಿಕೆಯೇ. ಒಂದು ವರ್ಷದ ಪುಟ ಎಂದು ಕೇಳಿದರೆ ಅದು ಹರಿದು ಕೊಟ್ಟ ಹಾಳೆಯಲ್ಲ, ಪುಸ್ತಕದ ಮೇಲೆ ತೆರೆದ ಕಿಟಕಿ. ಕಿಟಕಿಯಿಂದ ಕೈ ಚಾಚಿ ಬರೆದರೆ ಪುಸ್ತಕದಲ್ಲೇ ಬರೆದಂತೆ. ಆದರೆ ಗಂಟನ್ನು ಬಿಚ್ಚದೆ ಬರಿಯ ಪೈಥಾನಿನ ಪಟ್ಟಿಯಿಂದ ತುಂಡು ತೆಗೆದರೆ ಹೊಸ ಪಟ್ಟಿಯೇ ಬರುತ್ತದೆ. ಒಂದೇ ಮನೆಯೊಳಗೆ ಎರಡು ಆಚಾರ!

ತಪ್ಪು ಅರಿತಮೇಲೂ ಮಾಡಿದ ಇನ್ನೊಂದು ಪರಾಕ್ರಮವನ್ನು ಹೇಳಿಬಿಡುತ್ತೇನೆ. ಗಂಟಿನ ಸಹವಾಸವೇ ಬೇಡವೆಂದು ಬರಿಯ ಪಟ್ಟಿಗಳಿಂದ ಒಂದು ಖಾಲಿ ಪುಟ ಕಟ್ಟಲು ಹೋದೆ. ಹನ್ನೆರಡು ಸೊನ್ನೆಗಳ ಒಂದು ಸಾಲು ಮಾಡಿ, ಅದನ್ನು ಮೂವತ್ತೊಂದರಿಂದ ಗುಣಿಸಿದೆ. ಮೂವತ್ತೊಂದು ಸಾಲು ಅಂದವಾಗಿ ಕಾಣಿಸಿದವು. ಮೊದಲನೆಯ ತಾರೀಖಿಗೆ ಎರಡು ಇಂಚು ಬರೆದೆ; ತಿಂಗಳಿಡೀ ಎರಡೆರಡು ಇಂಚು ಸುರಿಯಿತು. ಇದ್ದದ್ದು ಒಂದೇ ಸಾಲು. ಅದಕ್ಕೇ ಮೂವತ್ತೊಂದು ಚೀಟಿ. ಅಂಥ ಸಾಲುಗಳ ಪಟ್ಟಿಗೆ 'ಕಾಪಿ' ಎಂದರೂ ಸಾಲದು. ಹೊರಗಿನ ಕಪಾಟು ಹೊಸದಾಗುತ್ತದೆ, ಒಳಗಿಟ್ಟ ಪುಸ್ತಕಗಳು ಹಳೆಯವೇ. ಒಳಗಿನದೂ ಹೊಸದಾಗಬೇಕಾದರೆ 'ಆಳವಾದ ಪ್ರತಿ' ಎಂದು ಬೇರೆಯೇ ಕೇಳಬೇಕು.

ಇಷ್ಟೆಲ್ಲ ಆದಮೇಲೆ ನನಗೆ ಹಂಚಿಕೆಯ ಮೇಲೆ ದ್ವೇಷ ಹುಟ್ಟಬೇಕಾಗಿತ್ತು. ಹುಟ್ಟಲಿಲ್ಲ, ಬಾವಿ ನೆನಪಾಯಿತು. ಪಾಲುಪತ್ರದಲ್ಲಿ ಇಬ್ಬರಿಗೂ ಸೇರಿದೆ ಎಂದು ಬರೆದ ಆ ಬಾವಿ. ತಮ್ಮ ಅದರ ಹೂಳು ತೆಗೆಸಿದರೆ ನನ್ನ ಪಾಲಿನ ನೀರೂ ತಿಳಿಯಾಗುತ್ತದೆ. ನಾನು ಬೆಂಗಳೂರಿನಲ್ಲಿ ಕುಳಿತಿದ್ದರೂ ಆಗುತ್ತದೆ. ಪ್ರತಿಗೊಂದೊಂದು ಬಾವಿ ತೋಡುವುದಕ್ಕೆ ನೆಲವೂ ಇಲ್ಲ, ಅಗತ್ಯವೂ ಇಲ್ಲ. ಆದರೆ ಅದು ಹಂಚಿಕೆಯ ಬಾವಿ ಎಂದು ಇಬ್ಬರಿಗೂ ಗೊತ್ತಿದೆ. ಆದ್ದರಿಂದ ಅದರೊಳಕ್ಕೆ ಏನಾದರೂ ಹಾಕುವ ಮೊದಲು ಇನ್ನೊಬ್ಬನನ್ನು ಕೇಳುತ್ತೇವೆ. ಪ್ರತಿಗೆ ತೆರಬೇಕಾದ ಬೆಲೆ ಜಾಗ. ಹಂಚಿಕೆಗೆ ತೆರಬೇಕಾದ ಬೆಲೆ ಈ ಕೇಳುವ ಸೌಜನ್ಯ. ಎರಡರಲ್ಲಿ ಯಾವುದೂ ಕೆಟ್ಟದ್ದಲ್ಲ. ಕೈಯಲ್ಲಿರುವುದು ಯಾವುದೆಂದು ತಿಳಿಯದೆ ಬರೆಯಲು ಕುಳಿತದ್ದು ಕೆಟ್ಟದ್ದು.

ಓಲೆಗರಿಯ ಕಾಲದ ವಿದ್ವಾಂಸರಿಗೆ ಇದು ಚೆನ್ನಾಗಿ ಗೊತ್ತಿತ್ತು. ಯಾವ ಕಟ್ಟನ್ನು ನೋಡಿ ಇನ್ನೊಂದು ಕಟ್ಟು ಬರೆಯುವರೋ ಅದಕ್ಕೆ ಅವರು ಹೇಳುತ್ತಿದ್ದುದೂ ಮಾತೃಕೆ ಎಂದೇ. ಬರೆದು ತೆಗೆದದ್ದು ಪ್ರತಿ. ತರಗತಿಯಲ್ಲಿ ಅಷ್ಟು ವರ್ಷ ಆಡಿದ ಆ ಮಾತಿಗೆ ಗ್ರಂಥಸಂಪಾದಕರಲ್ಲಿ ಈ ಅರ್ಥವುಂಟೆಂದು ನನಗೆ ಹೊಳೆದದ್ದು ಈಗ. ಪ್ರತಿಕಾರ ಕೈತಪ್ಪಿ ಏನು ಬರೆದರೂ ಮಾತೃಕೆ ಹಾಗೆಯೇ ಇರುತ್ತಿತ್ತು. ತಿರುಗಿ ನೋಡಿ ತಿದ್ದಿಕೊಳ್ಳಬಹುದಾಗಿತ್ತು. ನನ್ನನ್ನು ಉಳಿಸಿದ್ದೂ ಅದೇ. ಯಂತ್ರದ ಮಾತೃಕೆ ಕೆಟ್ಟಿತು. ಕಪಾಟಿನ ಮಾತೃಕೆ ಕೆಡಲಿಲ್ಲ.

ರಜೆ ನೋಡಿಕೊಂಡು ತಮ್ಮನ ಮಗಳ ಜೊತೆಯಲ್ಲಿ ಊರಿಗೆ ಹೋದೆ. ಈ ಸಲ ಪುಸ್ತಕವನ್ನು ಬೆಂಗಳೂರಿಗೆ ಕೇಳಲಿಲ್ಲ. ಅಪ್ಪಯ್ಯ ಬರೆಯುತ್ತಿದ್ದ ಮೇಜಿನ ಮೇಲೆಯೇ ಇಟ್ಟುಕೊಂಡು, ಅಚ್ಚಾದ ಪುಟದೊಡನೆ ಹೋಲಿಸುತ್ತ, ನಲವತ್ತೊಂದು ಮನೆಗಳನ್ನೂ ಒಂದೊಂದಾಗಿ ಖಾಲಿ ಮಾಡಿದೆ. ತಮ್ಮ ಪಕ್ಕದಲ್ಲಿ ಕುಳಿತು ತಾರೀಖು ಓದಿದ. 1974ರ ಪುಟ ಬಂತು. ಹದಿನೇಳನೆಯ ತಾರೀಖಿನವರೆಗೆ ಓದಿ ನಿಲ್ಲಿಸಿದ. ಆಮೇಲೆ, ನನಗೆ ಅದುವರೆಗೆ ಯಾರೂ ಹೇಳದಿದ್ದ ಒಂದು ಮಾತು ಹೇಳಿದ. ಹದಿನೇಳನೆಯ ಬೆಳಿಗ್ಗೆ ಅಪ್ಪಯ್ಯ ಮೊದಲ ಸಲ ಅಂಗಳಕ್ಕೆ ಇಳಿದರಂತೆ. ಮಾಪಕ ತುಂಬಿ ಚೆಲ್ಲುತ್ತಿತ್ತಂತೆ. ಅಳತೆಪಾತ್ರೆಯನ್ನು ಕೈಯಲ್ಲಿ ಹಿಡಿದಿದ್ದರೂ ಅಳೆಯದೆ, ನೀರನ್ನೆಲ್ಲ ದಾಸವಾಳದ ಬುಡಕ್ಕೆ ಸುರಿದು, ಖಾಲಿ ಮಾಪಕವನ್ನು ತಿರುಗಿ ಅದರ ಜಾಗದಲ್ಲಿ ಇಟ್ಟು ಒಳಕ್ಕೆ ಬಂದರಂತೆ. ಹದಿನೆಂಟನೆಯ ತಾರೀಖಿನ ಮನೆಯಲ್ಲಿ ಅವರ ಕೈಯಕ್ಷರ ಮತ್ತೆ ಕಾಣುತ್ತದೆ: ಎರಡು ಇಂಚು ಹತ್ತು ಸೆಂಟು.

ಕೆಲಸ ಮುಗಿದಮೇಲೆ ತಮ್ಮನ ಮಗಳು 'ಮಳೆ'ಗೆ ಬೀಗ ಹಾಕಿದಳು. ನಮ್‌ಪೈಯಲ್ಲಿ ಅದಕ್ಕೂ ಒಂದು ಅಪ್ಪಣೆಯಿದೆ. ಓದಬಹುದು, ಬರೆಯುವ ಹಾಗಿಲ್ಲ. ಯಂತ್ರ ಹೊತ್ತಿಸಿ ಕಡತವನ್ನು ತೆರೆದಾಗಲೆಲ್ಲ ಮೊದಲು ಈ ಬೀಗ ಬೀಳುವಂತೆ ಅದನ್ನು ಮೇಲಿನ ಸಾಲಿನಲ್ಲೇ ಬರೆದಿಟ್ಟಳು. ಪರೀಕ್ಷೆಗೆಂದು ನಾನೊಂದು ಅಂಕಿ ತುಂಬಲು ಹೋದೆ; ಯಂತ್ರ ಒಪ್ಪಲಿಲ್ಲ. ಸರಾಸರಿಯ ಕೆಲಸಕ್ಕೆ ಬೇರೊಂದು ಪ್ರತಿ ತೆಗೆದುಕೊಂಡೆ, ಈ ಸಲ ಚುಕ್ಕೆ, ಆವರಣ ಎಲ್ಲ ಹಾಕಿ.

ಕೊನೆಗೆ ತಮ್ಮನಿಗೆ ತೋರಿಸೋಣವೆಂದು, ಮೂಲವನ್ನೇ ಹಿಡಿದು, 1974ರಲ್ಲಿ ಒಟ್ಟು ಎಷ್ಟು ಮಳೆಯಾಯಿತು ಎಂದು ಯಂತ್ರವನ್ನು ಕೇಳಿದೆ. ಕೂಡುವಾಗ ಒಂದು ಮನೆ ಖಾಲಿಯಿದ್ದರೂ ಸಾಕು, ಮೊತ್ತವೂ ಖಾಲಿಯಾಗುವುದು ಅದರ ನಿಯಮ. ಪರದೆಯ ಮೇಲೆ ಬಂತು: ನ್ಯಾನ್.

"ಹಾಗೆಂದರೇನು?" ಎಂದ ತಮ್ಮ.

"ಸಂಖ್ಯೆಯಲ್ಲ ಎಂದು."

ಅವನು ಪುಸ್ತಕವನ್ನು ಮುಚ್ಚಿ, ಬಟ್ಟೆಯಲ್ಲಿ ಸುತ್ತಿ, ಕಪಾಟಿನಲ್ಲಿ ಇಟ್ಟ.

"ಹಾಗೇ ಇರಲಿ" ಎಂದ.